ಸನದಿನ ಮೇಲೆ ನಿಂತ ದೇಸಗತಿ

ನಿಪ್ಪಾಣಿಯ ದೇಸಗತಿ ಹೇಗೆ ಮುಗಿಯಿತು ಎಂದು ಕೇಳಿದರೆ ಸಿಗುವ ಉತ್ತರ ಚಿಕ್ಕದು. ವಾರಸುದಾರರಿಲ್ಲ ಎಂಬ ಕಾರಣಕ್ಕೆ ಕಂಪನಿ ಸರ್ಕಾರ 1839ರಲ್ಲಿ ಅದನ್ನು ವಶಪಡಿಸಿಕೊಂಡಿತು. ಈ ಮಾತು ಸುಳ್ಳಲ್ಲ, ಆದರೆ ಸಾಲದು. ಆ ಮನೆತನದ ಕಥೆಯನ್ನು ಹಿಂದಿನಿಂದ ನೋಡುತ್ತ ಬಂದರೆ, ಭೂಮಿ ಕೈತಪ್ಪಲು ವಂಶ ನಿಲ್ಲುವವರೆಗೆ ಕಾಯುವ ಅಗತ್ಯವೇ ಇರಲಿಲ್ಲ ಎಂದು ಕಾಣುತ್ತದೆ. ಪರರ ಸನದಿನಿಂದ, ಅಂದರೆ ಅವರು ಬರೆದುಕೊಟ್ಟ ಹಕ್ಕುಪತ್ರದಿಂದ, ಬಂದ ಸೀಮೆ ಪರರ ಸನದಿನಿಂದಲೇ ಹೋಗಬಹುದಿತ್ತು, ಮತ್ತು ದೇಸಾಯಿ ಬದುಕಿದ್ದಾಗಲೇ ಹಾಗೆ ಹೋಯಿತು.

ಸಿದ್ದೋಜಿರಾವ್ ನಾಯಕ ನಿಂಬಾಳ್ಕರ್ ಈ ಮನೆತನದ ದೊಡ್ಡ ಹೆಸರು. ಇಂಗ್ಲಿಷರ ದಾಖಲೆಗಳಲ್ಲಿ ಅವನು ಅಪ್ಪಾ ದೇಸಾಯಿ. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಆರ್ಥರ್ ವೆಲ್ಲೆಸ್ಲಿ, 1803ರಲ್ಲಿ ಪೇಶ್ವೆ ಎರಡನೇ ಬಾಜಿರಾಯನನ್ನು ಮರಳಿ ಪುಣೆಯ ಗಾದಿಗೆ ಕೂರಿಸಲು ದಂಡು ಕಟ್ಟಿಕೊಂಡು ಹೊರಟಾಗ ಅಪ್ಪಾ ದೇಸಾಯಿಯ ಕುದುರೆ ಸವಾರರು ಜೊತೆಗಿದ್ದರು. ಪೇಶ್ವೆಯಿಂದ ಅವನಿಗೆ ಸರ್‌ಲಷ್ಕರ್ ಎಂಬ ಪದವಿ ಬಂತು. ಕೊಲ್ಹಾಪುರದೊಡನೆ ಕಾದಾಡಿ ಗಳಿಸಿದ ಚಿಕ್ಕೋಡಿ, ಮನೋಳಿ ಸೀಮೆಗಳ ಮೇಲಿನ ಹಕ್ಕನ್ನು ಕೊಲ್ಹಾಪುರದ ರಾಜ 1812ರಲ್ಲಿ ಕಂಪನಿಯೊಡನೆ ಮಾಡಿಕೊಂಡ ಒಪ್ಪಂದದಲ್ಲಿ ಬಿಟ್ಟುಕೊಟ್ಟ. ಆದರೆ ಚಾಕರಿಗೆ ತಕ್ಕಷ್ಟು ದಂಡು ಕಳಿಸಲಿಲ್ಲವೆಂದು ಪೇಶ್ವೆಯೇ ಜಹಗೀರಿನ ಕಾಲುಭಾಗವನ್ನು ಕಿತ್ತುಕೊಂಡ. 1818ರಲ್ಲಿ ಪೇಶ್ವಾಯಿ ಮುಗಿದಾಗ, ಗೆದ್ದ ಕಂಪನಿ ಚಿಕ್ಕೋಡಿ, ಮನೋಳಿಗಳನ್ನು ತನಗೆ ನೆರವಾದ ಕೊಲ್ಹಾಪುರಕ್ಕೆ ಇನಾಮಾಗಿ ಕೊಟ್ಟಿತು. 1827ರಲ್ಲಿ ಅಲ್ಲಿನ ರಾಜನ ಮೇಲೆ ಮುನಿದು ಎರಡನ್ನೂ ತಾನೇ ತೆಗೆದುಕೊಂಡಿತು. ಹದಿನೈದು ವರ್ಷಗಳಲ್ಲಿ ಚಿಕ್ಕೋಡಿಯ ಅದೇ ಎರೆಹೊಲ ಮೂವರು ಒಡೆಯರನ್ನು ಕಂಡಿತು. ಇಷ್ಟೆಲ್ಲ ನಡೆದಾಗ ಯಾವ ಒಡೆಯನ ಮನೆಯಲ್ಲೂ ವಂಶ ನಿಂತಿರಲಿಲ್ಲ.

ದೇಸಾಯಿಕೆ ಪೇಶ್ವೆಗಿಂತ ಹಳೆಯದು, ಅದು ಮನೆತನದ ವತನ, ಯಾರೋ ಕೊಟ್ಟ ಕೊಡುಗೆಯಲ್ಲ ಎಂದು ಆಕ್ಷೇಪಿಸಬಹುದು. ಒಪ್ಪುತ್ತೇನೆ. ಕಂದಾಯ ಎತ್ತುವ ಹಕ್ಕು ಅಪ್ಪನಿಂದ ಮಗನಿಗೆ ಬರುತ್ತಿತ್ತು, ರಾಜ ಬದಲಾದರೂ ದೇಸಾಯಿ ಉಳಿಯುತ್ತಿದ್ದ. ಆದರೆ ಅಪ್ಪಾ ದೇಸಾಯಿಯನ್ನು ದೊಡ್ಡವನನ್ನಾಗಿ ಮಾಡಿದ್ದು ಆ ಹಳೆಯ ವತನವಲ್ಲ, ಕುದುರೆ ಸಾಕಿ ದಂಡು ಒದಗಿಸಲೆಂದು ಸಿಕ್ಕ ಸರಂಜಾಮಿನ ಸೀಮೆ. ಚಾಕರಿ ತಪ್ಪಿದರೆ ಅದೂ ತಪ್ಪುತ್ತಿತ್ತು. ಎಲ್ಲವೂ ಕಂಪನಿಯ ದುರಾಸೆ ಎನ್ನುವವರೂ ಇದ್ದಾರೆ. ದುರಾಸೆ ಇತ್ತು, ಅದಕ್ಕೆ ಕಿತ್ತೂರೇ ಸಾಕ್ಷಿ: 1824ರಲ್ಲಿ ಅಲ್ಲಿನ ದೇಸಾಯಿ ಶಿವಲಿಂಗರುದ್ರ ಸರ್ಜನ ದತ್ತಕವನ್ನು ಕಂಪನಿಯ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ದತ್ತು ಮಕ್ಕಳಿಗೆ ಹಕ್ಕಿಲ್ಲ ಎಂಬ ನೀತಿಗೆ ನಾವು ಡಾಲ್‌ಹೌಸಿಯನ್ನು ದೂರುತ್ತೇವೆ, ಆದರೆ ಅವನು ಹಿಂದೂಸ್ತಾನಕ್ಕೆ ಬಂದದ್ದು 1848ರಲ್ಲಿ. ಬೆಳಗಾವಿ ಸೀಮೆ ಆ ಪೆಟ್ಟನ್ನು ಅದಕ್ಕೂ ಮೊದಲೇ ತಿಂದಿತ್ತು. ಆ ದುರಾಸೆಗೆ ಹಿಡಿಕೆಯಾಗಿ ಸಿಕ್ಕಿದ್ದು ಮಾತ್ರ ಕಾಗದ. ತನ್ನ ಇನಾಮು ಭೂಮಿಯನ್ನು ಕಳೆದುಕೊಂಡ ಸಂಗೊಳ್ಳಿ ರಾಯಣ್ಣ 1830ರಲ್ಲಿ ಸರ್ಕಾರಿ ಕಚೇರಿಗಳಿಗೆ ಬೆಂಕಿಯಿಟ್ಟು ದಫ್ತರು ಸುಟ್ಟದ್ದು ಸುಮ್ಮನೆ ಅಲ್ಲ.

ಕಾಗದದಿಂದ ಹುಟ್ಟಿದ ಒಡೆತನ ನಮ್ಮ ಕಡೆಯದೇ ವಿಶೇಷವೂ ಅಲ್ಲ. ಅಮೆರಿಕದ ಹಡ್ಸನ್ ನದಿಯ ದಂಡೆಯಲ್ಲಿ ಆಮ್‌ಸ್ಟರ್‌ಡ್ಯಾಮಿನ ವ್ಯಾಪಾರಿ ಕಿಲಿಯಾನ್ ವಾನ್ ರೆನ್ಸೆಲರ್ 1630ರಲ್ಲಿ ಡಚ್ ಕಂಪನಿಯ ಪರವಾನಗಿಯ ಮೇಲೆ ಲಕ್ಷಾಂತರ ಎಕರೆಯ ಒಡೆಯನಾದ. ಆ ನೆಲದ ಮೇಲೆ ಅವನು ಒಮ್ಮೆಯೂ ಕಾಲಿಡಲಿಲ್ಲ. ಇಂಗ್ಲಿಷರು ಬಂದರು, ಸ್ವಾತಂತ್ರ್ಯ ಯುದ್ಧ ನಡೆಯಿತು, ಎಸ್ಟೇಟು ಅಲುಗಲಿಲ್ಲ. ಒಕ್ಕಲುಗಳು ವರ್ಷಕ್ಕೆ ಗೊತ್ತಾದಷ್ಟು ಗೋಧಿ, ನಾಲ್ಕು ಕೊಬ್ಬಿದ ಕೋಳಿ, ಬಂಡಿ ಕುದುರೆ ಸಮೇತ ಒಂದು ದಿನದ ಬಿಟ್ಟಿ ದುಡಿಮೆ ಕೊಡುತ್ತಲೇ ಇದ್ದರು. ಕಿಲಿಯಾನನ ವಂಶದ ಮೂರನೇ ಸ್ಟೀಫನ್ ವಾನ್ ರೆನ್ಸೆಲರ್ ತೀರಿಕೊಂಡದ್ದು, ನಿಪ್ಪಾಣಿ ಕಂಪನಿಯ ವಶವಾದ ಅದೇ 1839ರಲ್ಲಿ. ಅಲ್ಲಿ ವಾರಸುದಾರರಿಗೆ ಕೊರತೆ ಇರಲಿಲ್ಲ. ಅವರು ಹಳೆಯ ಬಾಕಿ ವಸೂಲಿಗೆ ಇಳಿದಾಗ ಒಕ್ಕಲುಗಳು ತಿರುಗಿಬಿದ್ದರು, 1846ರ ನ್ಯೂಯಾರ್ಕ್ ಸಂವಿಧಾನ ಅಂಥ ಗೇಣಿಗಳನ್ನು ಹೊಸದಾಗಿ ಹುಟ್ಟದಂತೆ ಮಾಡಿತು. ಮಕ್ಕಳಿದ್ದೂ ಆ ಒಡೆತನ ಕರಗಿತು. ವಂಶವನ್ನೇ ಕಾರಣವಾಗಿ ಹಿಡಿಯುವವರು ಈ ಎರಡು ಮನೆತನಗಳನ್ನು ಒಟ್ಟಿಗೆ ಇಟ್ಟು ನೋಡಬೇಕು.

ನಿಪ್ಪಾಣಿಯಲ್ಲಿ ದೇಸಾಯಿ ಹೋದ ಮಾತ್ರಕ್ಕೆ ಉಳುವವನಿಗೆ ನೆಲ ಸಿಗಲಿಲ್ಲ ಎಂಬುದನ್ನು ನೋವಿನಿಂದಲೇ ಹೇಳಬೇಕು. ಮುಂಬೈ ಇಲಾಖೆಯ ಮೋಜಣಿ ಬಂತು, ಹೊಲಗಳಿಗೆ ಸರ್ವೆ ನಂಬರು ಬಿದ್ದವು, ಖಾತೆದಾರನೆಂಬ ಹೊಸ ಒಡೆಯ ಹುಟ್ಟಿದ, ಅವನ ಕೆಳಗೆ ಗೇಣಿದಾರ ಉಳುತ್ತಲೇ ಇದ್ದ. ಮುಂಬೈ ರಾಜ್ಯದ ಕಾನೂನು ಗೇಣಿದಾರನನ್ನು ಒಡೆಯನನ್ನಾಗಿ ಮಾಡಲು ಗೊತ್ತುಮಾಡಿದ ದಿನ 1957ರ ಏಪ್ರಿಲ್ 1. ಅಷ್ಟರಲ್ಲಿ, 1956ರ ನವೆಂಬರ್ 1ಕ್ಕೇ, ಚಿಕ್ಕೋಡಿ, ಅಥಣಿ, ರಾಯಬಾಗ ಮೈಸೂರು ರಾಜ್ಯದಲ್ಲಿದ್ದವು. ಇಲ್ಲಿ ಗೇಣಿ ಜಮೀನು ಸರ್ಕಾರಕ್ಕೆ ಸೇರಿದ್ದು ದೇವರಾಜ ಅರಸರ ಭೂ ಸುಧಾರಣಾ ತಿದ್ದುಪಡಿ ಜಾರಿಗೆ ಬಂದ 1974ರ ಮಾರ್ಚ್ 1ರಂದು. ಅದಾದ ಮೇಲೆ ಭೂ ನ್ಯಾಯಮಂಡಳಿಯ ಮುಂದೆ ಒಡೆತನ ಕೋರುವ ಅರ್ಜಿ ನಮೂನೆ 7 ಹಿಡಿದು ನಿಂತ ರೈತ ಸಾಬೀತು ಮಾಡಬೇಕಾಗಿದ್ದದ್ದು ಒಂದೇ ಸಂಗತಿ: ಆ ಹೊತ್ತಿಗೆ ಆ ಹೊಲವನ್ನು ಉಳುತ್ತಿದ್ದವನು ತಾನೇ ಎಂದು.