ಹಳೆಯ ಮೊಬೈಲ್‌ಗೆ ಹೊಸ ಕರ್ನಲ್: ಬ್ಯಾಟರಿ ಉಳಿತಾಯ ಎಷ್ಟು, ಅಪಾಯ ಎಷ್ಟು?

ಮೈಸೂರು: ಮೂರು ವರ್ಷ ಹಳೆಯದಾದ ಸ್ಮಾರ್ಟ್‌ಫೋನ್ ಮಧ್ಯಾಹ್ನದ ಹೊತ್ತಿಗೇ ಕೈಕೊಡತೊಡಗಿದಾಗ ಮಾಲೀಕರ ಮುಂದೆ ಸಾಮಾನ್ಯವಾಗಿ ಎರಡು ದಾರಿಗಳಿರುತ್ತವೆ: ಹೊಸದನ್ನು ಕೊಳ್ಳುವುದು, ಇಲ್ಲವೇ ಬ್ಯಾಟರಿ ಬದಲಿಸುವುದು. ಕುವೆಂಪುನಗರದಂತಹ ಬಡಾವಣೆಗಳಲ್ಲಿ ಮೂರನೆಯ ಸಲಹೆಯೂ ಸಿಗುತ್ತದೆ. ಎಂಜಿನಿಯರಿಂಗ್ ಓದುತ್ತಿರುವ ಮಗನೋ ಪಕ್ಕದ ಮನೆಯ ಹುಡುಗನೋ ‘ಬೇರೆ ಕರ್ನಲ್ ಹಾಕಿ ಪ್ರೊಸೆಸರ್ ವೇಗ ತಗ್ಗಿಸಿದರೆ ಇಡೀ ದಿನ ಬರುತ್ತದೆ’ ಎನ್ನುತ್ತಾನೆ.

ಈ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಹೇಳಿದಷ್ಟು ಸರಳವೂ ಅಲ್ಲ.

ಪ್ರೊಸೆಸರ್ ಬಳಸುವ ವಿದ್ಯುತ್ತು ಅದರ ವೇಗವನ್ನು ಮಾತ್ರ ಅವಲಂಬಿಸಿಲ್ಲ. ವೇಗ ಹೆಚ್ಚಿದಂತೆ ಅದಕ್ಕೆ ಪೂರೈಸಬೇಕಾದ ವೋಲ್ಟೇಜ್ ಕೂಡ ಹೆಚ್ಚಬೇಕು; ವಿದ್ಯುತ್ ಬಳಕೆಯು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 2 ಗಿಗಾಹರ್ಟ್ಸ್ ವೇಗಕ್ಕೆ 1 ವೋಲ್ಟ್, 1.2 ಗಿಗಾಹರ್ಟ್ಸ್ ವೇಗಕ್ಕೆ 0.8 ವೋಲ್ಟ್ ಬೇಕೆಂದು ಭಾವಿಸೋಣ. ವೇಗ ಇಳಿದದ್ದು ಶೇ 40ರಷ್ಟು; ವಿದ್ಯುತ್ ಬಳಕೆ ಇಳಿದದ್ದು ಶೇ 60ಕ್ಕೂ ಹೆಚ್ಚು. ಅದೇ ಕೆಲಸ ಮುಗಿಸಲು ಹೆಚ್ಚು ಸಮಯ ಹಿಡಿದರೂ ಪ್ರೊಸೆಸರ್‌ನ ಒಟ್ಟು ಖರ್ಚು ಮೊದಲಿನ ಶೇ 64ರಷ್ಟು ಮಾತ್ರ. ಬೆಂಗಳೂರಿಗೆ 120 ಕಿ.ಮೀ. ವೇಗದಲ್ಲಿ ಹೋದ ಕಾರು 80ರ ವೇಗದಲ್ಲಿ ಹೋದ ಕಾರಿಗಿಂತ ಹೆಚ್ಚು ಪೆಟ್ರೋಲ್ ಕುಡಿಯುವುದಿಲ್ಲವೇ, ಹಾಗೆ.

ಹಾಗಾದರೆ ವೇಗವನ್ನು ಕನಿಷ್ಠ ಮಟ್ಟಕ್ಕೆ ಇಳಿಸಿಬಿಟ್ಟರಾಯಿತಲ್ಲ? ಇಲ್ಲಿಯೇ ಅನೇಕರು ಎಡವುವುದು. ಕೆಲಸ ನಿಧಾನವಾದಷ್ಟೂ ಪರದೆ ಹೆಚ್ಚು ಹೊತ್ತು ಬೆಳಗುತ್ತಿರಬೇಕು, ಮೆಮೊರಿ ಎಚ್ಚರವಾಗಿರಬೇಕು. ಪರದೆಯ ಖರ್ಚು ಪ್ರೊಸೆಸರ್‌ನ ಖರ್ಚನ್ನು ಮೀರುವ ಸಂದರ್ಭಗಳೇ ಹೆಚ್ಚು. ಬೇಗ ಮುಗಿಸಿ ಬೇಗ ನಿದ್ರೆಗೆ ಜಾರುವ ಪ್ರೊಸೆಸರ್ ಕೆಲವೊಮ್ಮೆ ತೆವಳುವ ಪ್ರೊಸೆಸರ್‌ಗಿಂತ ಮಿತವ್ಯಯಿ.

ಯಾವ ಕ್ಷಣಕ್ಕೆ ಯಾವ ವೇಗ ಎಂಬುದನ್ನು ನಿರ್ಧರಿಸುವ ತಂತ್ರಾಂಶಕ್ಕೆ ‘ಗವರ್ನರ್’ ಎಂದು ಹೆಸರು. ರಾಜಭವನಕ್ಕೂ ಇದಕ್ಕೂ ಸಂಬಂಧವಿಲ್ಲ. ಅಕ್ಕಿ ಗಿರಣಿಯ ಡೀಸೆಲ್ ಎಂಜಿನ್ನಿನ ವೇಗ ಕಾಯುವ ಗವರ್ನರ್‌ನ ವಂಶಕ್ಕೆ ಸೇರಿದ್ದು. ಆಂಡ್ರಾಯ್ಡ್‌ಗೆ ಬುನಾದಿಯಾದ ಲಿನಕ್ಸ್ ಕರ್ನಲ್‌ಗೆ ‘ಆನ್‌ಡಿಮ್ಯಾಂಡ್’ ಗವರ್ನರ್ ಸೇರಿದ್ದು 2004ರಲ್ಲಿ. ಆಗ ಇಂಟೆಲ್‌ನಲ್ಲಿದ್ದ ವೆಂಕಟೇಶ್ ಪಲ್ಲಿಪಾಡಿ ಅದರ ನಿರ್ಮಾತೃಗಳಲ್ಲೊಬ್ಬರು. ಹೊರೆ ಬಿದ್ದೊಡನೆ ಪೂರ್ಣ ವೇಗಕ್ಕೆ ನೆಗೆದು, ಹೊರೆ ಇಳಿದಾಗ ತಗ್ಗುವುದು ಅದರ ಕ್ರಮ. ಆರಂಭದ ಆಂಡ್ರಾಯ್ಡ್ ಫೋನ್‌ಗಳಲ್ಲಿ ಇದೂ, ಬಳಿಕ ಬೆರಳ ಸ್ಪರ್ಶಕ್ಕೆ ಚುರುಕಾಗಿ ಸ್ಪಂದಿಸುವ ‘ಇಂಟರ್‌ಆ್ಯಕ್ಟಿವ್’ ಗವರ್ನರ್ ಕೂಡ ಬಳಕೆಯಲ್ಲಿದ್ದವು. ಹವ್ಯಾಸಿಗಳು ಇವುಗಳ ಒಂದೊಂದು ಅಂಕಿಯನ್ನೂ ತಿದ್ದಿ, ವೋಲ್ಟೇಜನ್ನು ತುಸು ಇಳಿಸಿ ತಮ್ಮದೇ ಕರ್ನಲ್‌ಗಳನ್ನು ಸಿದ್ಧಪಡಿಸಿ ಹಂಚಿದರು. ಆಗ ಲಾಭವೂ ಕಣ್ಣಿಗೆ ಕಾಣುವಂತಿತ್ತು.

ಕನ್ನಡಿಗರಿಗೆ ಇದಕ್ಕೂ ಮೊದಲೇ ಬೇರೊಂದು ಕಾರಣವಿತ್ತು. ಆಂಡ್ರಾಯ್ಡ್‌ನಲ್ಲಿ ಕನ್ನಡ ಅಕ್ಷರಗಳಿಗೆ ಅಧಿಕೃತ ಬೆಂಬಲ ದೊರೆತದ್ದು 2012ರ 4.1ನೇ ಆವೃತ್ತಿಯಲ್ಲಿ. ಅಲ್ಲಿಯವರೆಗೆ ಅನೇಕ ಫೋನ್‌ಗಳಲ್ಲಿ ಕನ್ನಡದ ಬದಲು ಖಾಲಿ ಚೌಕಗಳ ಸಾಲು. ಒಪೆರಾ ಮಿನಿಯ ಸೆಟ್ಟಿಂಗ್ ಬದಲಿಸಿ ಅಕ್ಷರಗಳನ್ನು ಚಿತ್ರರೂಪದಲ್ಲಿ ಓದುವುದು ಒಂದು ಉಪಾಯವಾದರೆ, ಫೋನನ್ನು ರೂಟ್ ಮಾಡಿ ಫಾಂಟ್ ಸೇರಿಸುವುದು ಮತ್ತೊಂದು.

ಭಾರತದ ಮಾರುಕಟ್ಟೆಯಲ್ಲಿ ಈ ಹವ್ಯಾಸ ವ್ಯಾಪಾರವಾದದ್ದೂ ಉಂಟು. ಮೈಕ್ರೊಮ್ಯಾಕ್ಸ್‌ನ ಯು ಯುರೇಕಾ ಫೋನ್ 2015ರ ಜನವರಿಯಲ್ಲಿ ಸಯಾನೊಜೆನ್ ತಂತ್ರಾಂಶದೊಂದಿಗೆ ಮಾರಾಟಕ್ಕೆ ಬಂತು. ಅದೇ ತಂತ್ರಾಂಶಕ್ಕಾಗಿ ಮೈಕ್ರೊಮ್ಯಾಕ್ಸ್ ಮತ್ತು ಒನ್‌ಪ್ಲಸ್ ನಡುವೆ ದೆಹಲಿ ಹೈಕೋರ್ಟ್‌ನಲ್ಲಿ ವ್ಯಾಜ್ಯವೂ ನಡೆಯಿತು. 2016ರ ಅಂತ್ಯಕ್ಕೆ ಸಯಾನೊಜೆನ್ ಕಂಪನಿಯು ಸೇವೆ ನಿಲ್ಲಿಸಿತು. ಸ್ವಯಂಸೇವಕರು ‘ಲಿನೇಜ್ ಓಎಸ್’ ಹೆಸರಿನಲ್ಲಿ ಕೆಲಸ ಮುಂದುವರಿಸಿದರು.

ಈಗ ಚಿತ್ರ ಬದಲಾಗಿದೆ. ಆರ್ಮ್ ಸಂಸ್ಥೆ 2011ರಲ್ಲಿ ದೊಡ್ಡ ಮತ್ತು ಚಿಕ್ಕ ಕೋರ್‌ಗಳನ್ನು ಒಂದೇ ಚಿಪ್‌ನಲ್ಲಿ ಜೋಡಿಸುವ ವಿನ್ಯಾಸ ಪ್ರಕಟಿಸಿತು. 2016ರಲ್ಲಿ ‘ಷೆಡ್‌ಯುಟಿಲ್’ ಗವರ್ನರ್, 2019ರಲ್ಲಿ ವಿದ್ಯುತ್ ಖರ್ಚು ಲೆಕ್ಕಹಾಕಿ ಕೆಲಸ ಹಂಚುವ ವ್ಯವಸ್ಥೆ ಮೂಲ ಲಿನಕ್ಸ್‌ಗೇ ಸೇರಿದವು. ಪರದೆ ಆರಿದಾಗ ಆ್ಯಪ್‌ಗಳನ್ನು ಮಲಗಿಸುವ ‘ಡೋಜ್’ 2015ರಿಂದಲೇ ಆಂಡ್ರಾಯ್ಡ್‌ನಲ್ಲಿದೆ. ಹವ್ಯಾಸಿಗಳು ಕೈಯಿಂದ ಮಾಡುತ್ತಿದ್ದುದರ ಬಹುಪಾಲನ್ನು ಫೋನ್ ತಾನೇ ಮಾಡಿಕೊಳ್ಳುತ್ತಿದೆ. ಮಿಕ್ಕಿರುವ ಲಾಭ ಕಡಿಮೆ. ತೆರಬೇಕಾದ ಬೆಲೆ ಮಾತ್ರ ಏರಿದೆ.

ಬೇರೆ ಕರ್ನಲ್ ಹಾಕಬೇಕಾದರೆ ಮೊದಲು ಬೂಟ್‌ಲೋಡರ್‌ನ ಬೀಗ ತೆಗೆಯಬೇಕು. ಆ ಕ್ಷಣದಲ್ಲಿ ಫೋನಿನಲ್ಲಿರುವ ಮಾಹಿತಿಯೆಲ್ಲ ಅಳಿಸಿಹೋಗುತ್ತದೆ. ಸ್ಯಾಮ್ಸಂಗ್ ಫೋನ್‌ಗಳಲ್ಲಿ ಬೇರೆ ತಂತ್ರಾಂಶ ಹಾಕಿದೊಡನೆ ‘ನಾಕ್ಸ್’ ಗುರುತು ಶಾಶ್ವತವಾಗಿ ಬದಲಾಗುತ್ತದೆ; ಮೂಲ ತಂತ್ರಾಂಶ ಮರಳಿ ಹಾಕಿದರೂ ಅದು ಮೊದಲಿನಂತಾಗದು. ಅದಕ್ಕಿಂತ ಮುಖ್ಯವಾದುದು ಹಣದ ವಿಚಾರ. ಹಲವು ಬ್ಯಾಂಕ್ ಮತ್ತು ಪಾವತಿ ಆ್ಯಪ್‌ಗಳು ಗೂಗಲ್‌ನ ‘ಪ್ಲೇ ಇಂಟೆಗ್ರಿಟಿ’ ಮುಂತಾದ ಪರೀಕ್ಷೆಗಳ ಮೂಲಕ ಇಂತಹ ಫೋನ್‌ಗಳನ್ನು ಪತ್ತೆಹಚ್ಚಿ ಕೆಲಸ ನಿಲ್ಲಿಸುತ್ತವೆ. ತರಕಾರಿಗೂ ಹಾಲಿಗೂ ಯುಪಿಐ ಬಳಸುವ ಮನೆಗೆ ಇದು ಸಣ್ಣ ತೊಡಕಲ್ಲ. ಅರ್ಧ ಗಂಟೆ ಹೆಚ್ಚು ಬ್ಯಾಟರಿಗಾಗಿ ಅಪ್ಪನ ಪಿಂಚಣಿ ಖಾತೆ ನೋಡುವ ಫೋನನ್ನು ಪ್ರಯೋಗಕ್ಕೊಡ್ಡುವುದು ಜಾಣತನವಲ್ಲ.

ವೇಗಕ್ಕೂ ಬ್ಯಾಟರಿಯ ಮುಪ್ಪಿಗೂ ಇರುವ ನಂಟನ್ನು ಜಗತ್ತಿಗೆ ತಿಳಿಸಿದ್ದು ಆ್ಯಪಲ್ ಪ್ರಕರಣ. ಮುದಿ ಬ್ಯಾಟರಿಯಿಂದ ಒಮ್ಮೆಲೇ ಹೆಚ್ಚು ವಿದ್ಯುತ್ ಎಳೆದರೆ ವೋಲ್ಟೇಜ್ ಕುಸಿದು ಫೋನ್ ದಿಢೀರನೆ ಆರುತ್ತದೆ. ಇದನ್ನು ತಡೆಯಲು ಹಳೆಯ ಐಫೋನ್‌ಗಳ ಗರಿಷ್ಠ ವೇಗವನ್ನು ಇಳಿಸುತ್ತಿದ್ದುದಾಗಿ ಆ್ಯಪಲ್ 2017ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತು. ಬ್ಯಾಟರಿ ಬದಲಾವಣೆಯ ದರವನ್ನು 79 ಡಾಲರ್‌ನಿಂದ 29ಕ್ಕೆ ಇಳಿಸಿತು. 2020ರಲ್ಲಿ ಅಮೆರಿಕದ ಮೊಕದ್ದಮೆಯನ್ನು 50 ಕೋಟಿ ಡಾಲರ್‌ವರೆಗಿನ ಪರಿಹಾರಕ್ಕೆ ಒಪ್ಪಿ ಬಗೆಹರಿಸಿಕೊಂಡಿತು. ತಾಂತ್ರಿಕವಾಗಿ ಕಂಪನಿಯ ಉಪಾಯ ತಪ್ಪಾಗಿರಲಿಲ್ಲ. ಬಳಕೆದಾರರಿಗೆ ಹೇಳದೆ ಮಾಡಿದ್ದು ತಪ್ಪಾಯಿತು. ಶೇ 30 ಚಾರ್ಜ್ ಇರುವಾಗಲೇ ಫೋನ್ ಆರಿಹೋಗುತ್ತಿದ್ದರೆ ಅಲ್ಲಿ ದೋಷ ಬ್ಯಾಟರಿಯದು. ಯಾವ ಕರ್ನಲ್ ಹಾಕಿದರೂ ಅದರ ರಸಾಯನ ಮರಳಿ ಯೌವನ ಪಡೆಯದು.

ಆ ರಸಾಯನಕ್ಕೆ ಶಾಖವೇ ದೊಡ್ಡ ಶತ್ರು. ಐಫೋನ್ ಬಳಕೆಗೆ ಆ್ಯಪಲ್ ಸೂಚಿಸುವ ಸುತ್ತಲಿನ ತಾಪಮಾನದ ಮಿತಿ 35 ಡಿಗ್ರಿ. ಏಪ್ರಿಲ್‌ನಲ್ಲಿ ಮೈಸೂರೇ ಆ ಅಂಕಿಯ ಆಸುಪಾಸಿಗೆ ಬರುತ್ತದೆ. ಕಲಬುರಗಿ, ರಾಯಚೂರುಗಳ ಮಾತು ಬೇರೆಯೇ. ಬಿಸಿಲಿನಲ್ಲಿ ನಿಂತ ಕಾರಿನೊಳಗೆ, ಸ್ಕೂಟರ್‌ನ ಹ್ಯಾಂಡಲ್ ಮೇಲೆ ನಕ್ಷೆ ತೋರಿಸುತ್ತಾ ಚಾರ್ಜ್ ಆಗುವ ಫೋನ್ ತನ್ನ ಆಯುಷ್ಯವನ್ನು ತಾನೇ ಸುಡುತ್ತಿರುತ್ತದೆ.

ರೂಟ್ ಮಾಡದೆಯೇ ಸಾಧ್ಯವಿರುವುದು ಸಾಕಷ್ಟಿದೆ. ಸ್ಯಾಮ್ಸಂಗ್‌ನ ಪವರ್ ಸೇವಿಂಗ್‌ನಲ್ಲಿ ಪ್ರೊಸೆಸರ್ ವೇಗವನ್ನು ಶೇ 70ಕ್ಕೆ ಮಿತಿಗೊಳಿಸುವ ಆಯ್ಕೆ ಇದೆ. ಚಾರ್ಜಿಂಗನ್ನು ಶೇ 80ಕ್ಕೆ ನಿಲ್ಲಿಸುವ ಸೌಲಭ್ಯ ಹಲವು ಹೊಸ ಫೋನ್‌ಗಳಲ್ಲಿದೆ. ಸೆಟ್ಟಿಂಗ್ಸ್‌ನ ಬ್ಯಾಟರಿ ವಿಭಾಗದಲ್ಲಿ ಯಾವ ಆ್ಯಪ್ ಎಷ್ಟು ಕಬಳಿಸಿದೆ ಎಂಬ ಪಟ್ಟಿ ಸಿಗುತ್ತದೆ. ಮೇಲಿನ ಒಂದೆರಡನ್ನು ಹಿನ್ನೆಲೆಯಲ್ಲಿ ಓಡದಂತೆ ತಡೆದರೇ ವ್ಯತ್ಯಾಸ ಕಾಣಬಹುದು. ತೆರೆದ ಆ್ಯಪ್‌ಗಳನ್ನೆಲ್ಲ ಪದೇ ಪದೇ ಮುಚ್ಚುವ ಅಭ್ಯಾಸದಿಂದ ಉಳಿತಾಯವಿಲ್ಲ. ಪ್ರತಿ ಸಲ ಮೊದಲಿನಿಂದ ತೆರೆಯಲು ಪ್ರೊಸೆಸರ್ ಹೆಚ್ಚೇ ದುಡಿಯಬೇಕು.

ಇಷ್ಟಾದ ಮೇಲೂ ಪ್ರಯೋಗದ ಹಂಬಲವಿದ್ದರೆ, ಸಿಮ್ ತೆಗೆದಿಟ್ಟ ಹಳೆಯ ಫೋನೇ ತಕ್ಕ ಕ್ಷೇತ್ರ. ಅದೇ ಮಾದರಿಗೆ ಸಿದ್ಧಪಡಿಸಿದ ಕರ್ನಲ್ ಮಾತ್ರ ಬಳಸಬೇಕು, ಮೂಲ ತಂತ್ರಾಂಶದ ಪ್ರತಿಯನ್ನು ಕಂಪ್ಯೂಟರ್‌ನಲ್ಲಿ ಮೊದಲೇ ಇಳಿಸಿಟ್ಟುಕೊಳ್ಳಬೇಕು. ವೋಲ್ಟೇಜನ್ನು ಒಂದೊಂದೇ ಮೆಟ್ಟಿಲು ಇಳಿಸಿ, ಪ್ರತಿ ಬಾರಿ ಒಂದು ದಿನ ಬಳಸಿ ನೋಡಿದ ಬಳಿಕವೇ ಮುಂದಿನ ಮೆಟ್ಟಿಲಿಗೆ ಹೋಗುವುದು ಕ್ಷೇಮ. ಫೋನ್ ತಾನಾಗಿ ಮರುಚಾಲನೆಗೊಂಡರೆ ಮಿತಿ ಮೀರಿದೆಯೆಂದು ತಿಳಿದು ಹಿಂದಿನ ಅಂಕಿಗೆ ಮರಳಬೇಕು.