ಅಲೆಗೂ ಎಲ್ಲೆಯುಂಟು

ಮನೆಯಲ್ಲಿ ಒಂದು ರೇಡಿಯೋ ಇಟ್ಟುಕೊಳ್ಳಲು ಹಿಂದೆ ಲೈಸೆನ್ಸ್ ಬೇಕಾಗಿತ್ತೆಂಬುದು ನಮ್ಮ ಸಂಘದ ಹಿರಿಯರಿಗೆ ನೆನಪಿರಬಹುದು. ಅಂಚೆ ಕಚೇರಿಗೆ ಹೋಗಿ ವರ್ಷದ ಹಣ ಕಟ್ಟಿ ಬರಬೇಕಾಗಿತ್ತು. ಆ ರೇಡಿಯೋ ಪಾಪ, ಬಂದ ಅಲೆಯನ್ನು ಹಿಡಿದು ನಮಗೆ ಕೇಳಿಸುತ್ತಿತ್ತೇ ಹೊರತು ತಾನಾಗಿ ಅಲೆಯನ್ನು ಕಳುಹಿಸುತ್ತಿರಲಿಲ್ಲ. ಇಂದು ಆ ಲೈಸೆನ್ಸ್ ಇಲ್ಲ. ಆದರೆ ಅಲೆ ಕಳುಹಿಸುವ ಯಂತ್ರಗಳೇ ಮನೆತುಂಬ ಇವೆ. ಜೇಬಿನ ಫೋನು, ಗೋಡೆಯ ವೈಫೈ ಪೆಟ್ಟಿಗೆ, ಮೋಟಾರಿನ ಬೀಗದ ಕೈ, ಕೈಗಡಿಯಾರ ಸಹ ಈ ಗುಂಪಿಗೆ ಸೇರಿದವು.

ಇಂಥ ಯಂತ್ರವೊಂದು ಪರದೇಶದ ಪೇಟೆಗೆ ಹೋಗಬೇಕಾದರೆ ಅಲ್ಲಿನ ಕಟ್ಟಳೆಗಳೇನು ಎಂಬುದನ್ನು ಜಪಾನಿನ ಉದಾಹರಣೆಯಿಂದ ನೋಡೋಣ. ಪರಊರಿನಲ್ಲಿ ಸಣ್ಣ ಕಾರ್ಖಾನೆ ಹೂಡಿರುವ ನಮ್ಮವರಿಗೂ, ಮಕ್ಕಳನ್ನು ಹೊರದೇಶಕ್ಕೆ ಕಳುಹಿಸಿರುವ ತಾಯಿತಂದೆಗಳಿಗೂ ಇದು ಉಪಯೋಗಕ್ಕೆ ಬಂದೀತು.

ಪುಣೆಯಲ್ಲಿ ಒಬ್ಬ ತರುಣ ಉದ್ಯಮಿ ಇದ್ದಾನೆಂದು ಇಟ್ಟುಕೊಳ್ಳಿ. ಶೈತ್ಯಾಗಾರದ ಉಷ್ಣಮಾನವನ್ನು ಅಳೆದು, ತಂತಿಯಿಲ್ಲದೆ ಕಚೇರಿಗೆ ತಿಳಿಸುವ ಪುಟ್ಟ ಯಂತ್ರವನ್ನು ಆತ ತಯಾರಿಸುತ್ತಾನೆ. ಅದು ಕೆಲಸ ಮಾಡುವುದು 865ರಿಂದ 868 ಮೆಗಾಹರ್ಟ್ಸ್ ಪಟ್ಟಿಯಲ್ಲಿ. ನಮ್ಮ ದೇಶದಲ್ಲಿ ಈ ಪಟ್ಟಿಯ ಬಹುಭಾಗವನ್ನು 2005ರಲ್ಲಿಯೂ ಉಳಿದುದನ್ನು 2021ರಲ್ಲಿಯೂ ಇಂಥ ಸಣ್ಣ ಯಂತ್ರಗಳಿಗಾಗಿ ಲೈಸೆನ್ಸಿನಿಂದ ಬಿಡುಗಡೆ ಮಾಡಲಾಗಿದೆ. ನಮ್ಮ ಸರ್ಕಾರದ ಒಪ್ಪಿಗೆ ಪತ್ರವೂ ಆತನ ಕೈಯಲ್ಲಿದೆ. ಟೋಕಿಯೋದ ವರ್ತಕನೊಬ್ಬ ಮೆಚ್ಚಿ ಸಾವಿರ ಯಂತ್ರ ಬೇಕೆಂದು ಬರೆಯುತ್ತಾನೆ. ತರುಣನು ಸಾಲ ತಂದು ಸಾವಿರವನ್ನೂ ತಯಾರಿಸಿಬಿಟ್ಟರೆ ಏನಾದೀತು?

ಆ ಸಾವಿರ ಯಂತ್ರಗಳೂ ಜಪಾನಿನಲ್ಲಿ ನಿರುಪಯೋಗಿ. ಅಷ್ಟೇ ಅಲ್ಲ, ಉಪದ್ರವಕಾರಿ. ಏಕೆಂದರೆ ಅಲ್ಲಿ 860ರಿಂದ 875 ಮೆಗಾಹರ್ಟ್ಸಿನ ಪಟ್ಟಿ ಮೊಬೈಲ್ ಫೋನಿನದು. ಗೋಪುರದಿಂದ ಫೋನಿಗೆ ಇಳಿದುಬರುವ ಅಲೆಗಳು ಅದರಲ್ಲಿ ಸಾಗುತ್ತವೆ. ನಮ್ಮ ಯಂತ್ರ ಅಲ್ಲಿ ಬಾಯಿ ತೆರೆದರೆ ನೆರೆಯವರ ಫೋನಿನ ಮಾತು ಕೆಡಬಹುದು. ಇಲ್ಲಿ ಸಾಧುವಾಗಿದ್ದ ಯಂತ್ರ ಅಲ್ಲಿ ಅಪರಾಧಿಯಾಗುವುದು ಹೀಗೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ಜಗತ್ತನ್ನು ಮೂರು ವಲಯಗಳಾಗಿ ಹಂಚಿದೆ. ನಾವೂ ಜಪಾನೂ ಒಂದೇ ಮೂರನೆಯ ವಲಯದವರು. ಆದರೂ ವಲಯದೊಳಗೆ ಯಾವ ಪಟ್ಟಿಯನ್ನು ಯಾರಿಗೆ ಕೊಡಬೇಕೆಂಬುದರ ವಿವರವನ್ನು ಆಯಾ ದೇಶವೇ ಗೊತ್ತುಮಾಡಿಕೊಳ್ಳುತ್ತದೆ.

ಜಪಾನಿನ ರೇಡಿಯೋ ಕಾಯಿದೆ 1950ರದು. ಅದು ಜಾರಿಗೆ ಬಂದ ಜೂನ್ 1ನೆಯ ದಿನವನ್ನು ಅಲ್ಲಿ ಇಂದಿಗೂ ‘ರೇಡಿಯೋ ಅಲೆಗಳ ದಿನ’ವೆಂದು ಆಚರಿಸುತ್ತಾರೆ. ಯಂತ್ರವು ಆ ದೇಶದ ತಾಂತ್ರಿಕ ನಿಯಮಗಳಿಗೆ ಸರಿಹೊಂದಿದೆ ಎಂಬುದಕ್ಕೆ ಒಂದು ಮುದ್ರೆಯುಂಟು. ಜಪಾನೀಯರು ಅದನ್ನು ‘ಗಿತೆಕಿ’ ಎನ್ನುತ್ತಾರೆ. ಅದು ವೃತ್ತದೊಳಗೆ ಮಿಂಚಿನಂಥ ಗುರುತುಳ್ಳ ಮುದ್ರೆ. ಅದರ ಜತೆಗೆ ಪ್ರಮಾಣಪತ್ರದ ಸಂಖ್ಯೆಯೂ ಇರುತ್ತದೆ.

ಈ ಕಾಯಿದೆಯಲ್ಲಿ ವಾಚಕರು ವಿಶೇಷವಾಗಿ ಗಮನಿಸಬೇಕಾದ ಮಾತೊಂದಿದೆ. ಮುದ್ರೆಯಿಲ್ಲದ ಯಂತ್ರವನ್ನು ಪರವಾನಗಿಯಿಲ್ಲದೆ ನಡೆಸಿದರೆ ದಂಡದ ಭಯವಿರುವುದು ಅದನ್ನು ಬಳಸಿದವನಿಗೆ. ಒಂದು ವರ್ಷದವರೆಗೆ ಸೆರೆ ಅಥವಾ 10 ಲಕ್ಷ ಯೆನ್‌ವರೆಗೆ ಜುಲ್ಮಾನೆ ಆಗಬಹುದು. ಅಂದರೆ ನಮ್ಮ ಸರಕನ್ನು ನಂಬಿ ಕೊಂಡ ಗಿರಾಕಿಯೇ ತಪ್ಪಿತಸ್ಥನಾಗುತ್ತಾನೆ. ಹೀಗಿರುವಲ್ಲಿ ಮರ್ಯಾದಸ್ಥ ವರ್ತಕ ಯಾರು ತಾನೆ ಅಂಥ ಸರಕನ್ನು ಅಂಗಡಿಗೆ ಸೇರಿಸಿಯಾನು? ಮುದ್ರೆಯೆಂದರೆ ಬರಿಯ ಕಾಗದದ ಕಾಟವಲ್ಲ. ಕೊಂಡವನ ಮಾನ ಉಳಿಸುವ ಹೊಣೆ.

ಮುದ್ರೆ ಪಡೆಯುವ ದಾರಿ ಎರಡು. ಹತ್ತಿಪ್ಪತ್ತು ಯಂತ್ರಗಳಷ್ಟೇ ಆದರೆ ಒಂದೊಂದನ್ನೂ ಪ್ರತ್ಯೇಕವಾಗಿ ಪ್ರಮಾಣೀಕರಿಸಿಕೊಳ್ಳಬಹುದು. ಸಾವಿರಗಟ್ಟಲೆ ಆದರೆ ಯಂತ್ರದ ವಿನ್ಯಾಸಕ್ಕೇ ಪ್ರಮಾಣಪತ್ರ ಪಡೆಯುವುದು ಲೇಸು. ಜಪಾನ್ ಸರ್ಕಾರದ ಮನ್ನಣೆ ಪಡೆದ ಸಂಸ್ಥೆಗಳು ಮಾದರಿಯನ್ನು ಪರೀಕ್ಷಿಸಿ, ನಕ್ಷೆಗಳನ್ನು ನೋಡಿ, ಎಲ್ಲ ಯಂತ್ರಗಳೂ ಮಾದರಿಯಂತೆಯೇ ಇರುವ ಹಾಗೆ ಕಾರ್ಖಾನೆಯಲ್ಲಿ ಯಾವ ಏರ್ಪಾಡುಂಟೆಂದು ವಿಚಾರಿಸಿ ಪತ್ರ ಕೊಡುತ್ತವೆ. ವಿದೇಶದ ತಯಾರಕನೂ ಅರ್ಜಿ ಹಾಕಬಹುದು. ಆದರೆ ಪತ್ರ ಸಿಕ್ಕಿತೆಂದು ಕೈತೊಳೆದುಕೊಳ್ಳುವಂತಿಲ್ಲ. ತಯಾರಾದ ಯಂತ್ರಗಳನ್ನು ತಾನೇ ತಪಾಸಣೆ ಮಾಡಿ, ಆ ದಾಖಲೆಯನ್ನು 10 ವರ್ಷ ಕಾಪಾಡಬೇಕು.

ನಮ್ಮ ತರುಣನು ಬದಲಾಯಿಸಬೇಕಾದುದೇನು? ಮೊದಲನೆಯದಾಗಿ 865ನ್ನು ಬಿಟ್ಟು 920 ಮೆಗಾಹರ್ಟ್ಸಿನ ಪಟ್ಟಿಗೆ ಬರಬೇಕು. ಎರಡನೆಯದು ಶಕ್ತಿ. ನಮ್ಮಲ್ಲಿ 1 ವಾಟಿನವರೆಗೆ ಅನುಮತಿಯಿದ್ದರೆ, ಅಲ್ಲಿ ಲೈಸೆನ್ಸ್ ಬೇಡದ ಸಾಮಾನ್ಯ ವರ್ಗಕ್ಕೆ 20 ಮಿಲಿವಾಟ್ ಮಾತ್ರ, ಎಂದರೆ ಐವತ್ತರಲ್ಲಿ ಒಂದು ಪಾಲು. ಮೂರನೆಯದು ನಡತೆ. ಈ ವರ್ಗದ ಯಂತ್ರವು ಸಾಮಾನ್ಯವಾಗಿ ಮಾತಿಗೆ ಮೊದಲು ಕಿವಿಗೊಟ್ಟು, ಆ ಪಟ್ಟಿಯಲ್ಲಿ ಬೇರೆ ಯಾರೂ ಮಾತನಾಡುತ್ತಿಲ್ಲವೆಂದು ಖಚಿತಮಾಡಿಕೊಂಡೇ ಅಲೆ ಬಿಡಬೇಕು. ನಮ್ಮ ಸಂಘದ ವಾರ್ಷಿಕ ಸಭೆಗೂ ಇಂಥ ನಿಯಮವೊಂದಿದ್ದರೆ ಚೆನ್ನಾಗಿತ್ತು!

ಜಪಾನಿನ ಪತ್ರ ಹಿಡಿದು ಅಮೆರಿಕಕ್ಕೋ ಯೂರೋಪಿಗೋ ಹೋಗೋಣವೆಂದರೆ ಅದೂ ಆಗದು. ಅಮೆರಿಕದಲ್ಲಿ ಎಫ್.ಸಿ.ಸಿ. ಎಂಬ ಆಯೋಗದ ಕಟ್ಟಳೆಯಂತೆ ಇಂಥ ಯಂತ್ರಕ್ಕೆ ಬೇರೆಯೇ ಸಂಖ್ಯೆ ಪಡೆಯಬೇಕು. ಯೂರೋಪಿನಲ್ಲಿ 2014ರ ರೇಡಿಯೋ ನಿರ್ದೇಶನದ ಪ್ರಕಾರ, ಮಾನ್ಯವಾದ ಮಾನಕಗಳನ್ನು ಪೂರ್ತಿಯಾಗಿ ಅನುಸರಿಸಿದ ತಯಾರಕನು ತನ್ನ ಹೊಣೆಯ ಮೇಲೆ ತಾನೇ ಘೋಷಣೆ ಮಾಡಿ ‘ಸಿ.ಇ.’ ಗುರುತು ಹಾಕಬಹುದು. ಕೇಳಲು ಇದು ಸುಲಭ. ಆದರೆ ಪರೀಕ್ಷೆಯ ವರದಿಗಳು ಕೈಯಲ್ಲಿಲ್ಲದೆ ಘೋಷಿಸಿದವನ ಪಾಡು, ಲೆಕ್ಕಪತ್ರವಿಲ್ಲದೆ ಸಭೆಗೆ ಬಂದ ಖಜಾಂಚಿಯ ಪಾಡೇ ಸರಿ.

ಆದುದರಿಂದ ಈ ದಾರಿ ಹಿಡಿಯುವ ನಮ್ಮ ತರುಣರಿಗೆ ಹೇಳಬೇಕಾದುದು ಇಷ್ಟು. ಯಾವ ದೇಶಕ್ಕೆ ಮಾರುವುದೆಂಬುದನ್ನು ನಕ್ಷೆ ಬರೆಯುವ ಮುಂಚೆಯೇ ಗೊತ್ತುಮಾಡಿಕೊಳ್ಳಿರಿ. ರೇಡಿಯೋ ಭಾಗವನ್ನು ಸ್ವತಃ ಕಟ್ಟುವ ಬದಲು, ಆ ದೇಶದ ಪ್ರಮಾಣಪತ್ರ ಆಗಲೇ ಪಡೆದಿರುವ ಸಿದ್ಧ ಮಾಡ್ಯೂಲನ್ನು ಕೊಂಡು ಒಳಗಿಟ್ಟರೆ ಖರ್ಚೂ ಕಾಲವೂ ಉಳಿಯುತ್ತವೆ. ಆದರೆ ಆಂಟೆನಾ ಮಾತ್ರ ಆ ಪತ್ರದಲ್ಲಿ ಹೇಳಿದ್ದೇ ಆಗಿರಬೇಕು. ಅಗ್ಗವೆಂದು ಬೇರೊಂದನ್ನು ಸಿಕ್ಕಿಸಿದರೆ ಪತ್ರದ ಬಲ ಹೋಯಿತು. ಮೊದಲು ಪ್ರಯೋಗ ಮಾಡಿ ನೋಡಬೇಕೆನ್ನುವವರಿಗೆ ಜಪಾನ್ 2019ರಿಂದ ಒಂದು ಸೌಕರ್ಯ ಕೊಟ್ಟಿದೆ. ವೈಫೈ ಮುಂತಾದ ಗೊತ್ತಾದ ಬಗೆಯ ಯಂತ್ರಗಳನ್ನು, ಮುಂಚಿತವಾಗಿ ಅಧಿಕಾರಿಗಳಿಗೆ ತಿಳಿಸಿ, ಮುದ್ರೆಯಿಲ್ಲದೆಯೂ 180 ದಿನ ಪರೀಕ್ಷೆಗಾಗಿ ಬಳಸಬಹುದು.

ಇನ್ನು ಮಕ್ಕಳನ್ನು ನೋಡಲು ಟೋಕಿಯೋಗೆ ಹೊರಟ ತಾಯಿತಂದೆಗಳು ಗಾಬರಿಯಾಗಬೇಕಾಗಿಲ್ಲ. ಅಮೆರಿಕದ ಅಥವಾ ಯೂರೋಪಿನ ಗುರುತುಳ್ಳ ಫೋನಿನ ವೈಫೈ, ಬ್ಲೂಟೂತುಗಳನ್ನು ಪ್ರವಾಸಿಗರು 90 ದಿನ ಬಳಸಲು 2016ರಿಂದ ಅನುಮತಿಯಿದೆ. ಆದರೆ ಮೊಮ್ಮಕ್ಕಳಿಗೆಂದು ಇಲ್ಲಿಂದ ವಾಕಿಟಾಕಿಯನ್ನೋ ರೇಡಿಯೋದಿಂದ ಓಡುವ ಆಟಿಕೆಯನ್ನೋ ಒಯ್ಯುವ ಯೋಚನೆಯಿದ್ದರೆ, ಅದರ ಮೇಲೆ ಆ ಮಿಂಚಿನ ಮುದ್ರೆ ಇದೆಯೇ ಎಂದು ನೋಡಿರಿ. ಇಲ್ಲವಾದರೆ ಆ ಜಾಗದಲ್ಲಿ ಒಂದು ಡಬ್ಬಿ ಚಕ್ಕುಲಿ ಇಟ್ಟುಕೊಂಡು ಹೋಗುವುದೇ ಕ್ಷೇಮ.