ಗಣಕಯಂತ್ರಕ್ಕೆ ಹೊಸ ಆಡಳಿತ: ಮೊದಲು ಕನ್ನಡವನ್ನು ಕಟ್ಟಿಟ್ಟುಕೊಳ್ಳಿರಿ

2025ನೆಯ ಇಸವಿ ಅಕ್ಟೋಬರ್ 14ನೆಯ ತಾರೀಖು ಗಣಕಯಂತ್ರವುಳ್ಳ ಅನೇಕ ಮನೆಗಳಿಗೆ ಒಂದು ಗಡುವಿನ ದಿನವಾಗಿತ್ತು. 2015ರ ಜುಲೈ 29ರಂದು ಹೊರಬಂದ ವಿಂಡೋಸ್ 10 ಎಂಬ ಆಪರೇಟಿಂಗ್ ಸಿಸ್ಟಮ್ಮಿಗೆ ಮೈಕ್ರೋಸಾಫ್ಟ್ ಕಂಪೆನಿಯ ಸಾಮಾನ್ಯ ಬೆಂಬಲವು ಅಂದಿಗೆ ಮುಗಿಯಿತು. ಯಂತ್ರವೇನೂ ನಿಂತುಹೋಗಲಿಲ್ಲ, ಮರುದಿನವೂ ಎಂದಿನಂತೆ ಪರದೆ ಬೆಳಗಿತು, ಬರೆದಿಟ್ಟ ಪತ್ರಗಳು ತೆರೆದುಕೊಂಡವು. ಆದಕಾರಣವೇ ಎಷ್ಟೋ ಮಂದಿ ‘ಇನ್ನೇನು ತೊಂದರೆ?’ ಎಂದು ಸುಮ್ಮನಿದ್ದಾರೆ. ತೊಂದರೆ ಇರುವುದು ಕಣ್ಣಿಗೆ ಕಾಣದ ಕಡೆಯಲ್ಲಿ. ಕಳ್ಳರು ಗೋಡೆಯಲ್ಲಿ ಹೊಸ ಕಿಂಡಿ ಕಂಡುಹಿಡಿದಾಗ ಅದನ್ನು ಮುಚ್ಚಲು ತಿಂಗಳು ತಿಂಗಳೂ ಬರುತ್ತಿದ್ದ ಮೇಸ್ತ್ರಿ ಇನ್ನು ಮುಂದೆ ಬರುವುದಿಲ್ಲ, ಅಷ್ಟೆ.

ಆಪರೇಟಿಂಗ್ ಸಿಸ್ಟಮ್ ಎಂದರೇನೆಂದು ಕೇಳುವ ಹಿರಿಯರು ಇನ್ನೂ ಇದ್ದಾರೆ. ಕೇಳುವುದರಲ್ಲಿ ನಾಚಿಕೆಯೇನೂ ಇಲ್ಲ. ಮನೆಯಲ್ಲಿ ಒಲೆ, ನೀರು, ದಿನಸಿ, ಬೀಗದ ಕೈ ಎಲ್ಲವೂ ಇದ್ದರೂ, ಯಾವುದು ಎಲ್ಲಿದೆ, ಯಾರಿಗೆ ಯಾವಾಗ ಕೊಡಬೇಕು ಎಂಬುದನ್ನು ನೋಡಿಕೊಳ್ಳುವ ಗೃಹಿಣಿ ಇಲ್ಲದಿದ್ದರೆ ಸಂಸಾರ ನಡೆಯದು. ಗಣಕಯಂತ್ರದೊಳಗೆ ಆ ಯಜಮಾನಿಕೆ ಮಾಡುವುದೇ ಆಪರೇಟಿಂಗ್ ಸಿಸ್ಟಮ್. ಅದನ್ನು ಬದಲಾಯಿಸುವುದೆಂದರೆ ಮನೆಯ ಆಡಳಿತವನ್ನೇ ಬದಲಾಯಿಸಿದಂತೆ.

ವೈಟ್ಟಿಲದ ಸುತ್ತುಮುತ್ತಲಿನ ಕನ್ನಡ ಕುಟುಂಬಗಳಲ್ಲಿ ಎರಡು ಬಗೆಯವರನ್ನು ಕಾಣುತ್ತೇವೆ. ಬೆಳಗಾದರೆ ವಾಟರ್ ಮೆಟ್ರೋದ ದೋಣಿ ಹತ್ತಿ ಕಾಕ್ಕನಾಡಿಗೆ ಹೋಗಿ, ಇನ್ಫೋಪಾರ್ಕಿನಲ್ಲಿ ಇದೇ ವಿದ್ಯೆಯಿಂದ ಜೀವನ ನಡೆಸುವ ಕಿರಿಯರು ಒಂದು ಬಗೆ. ಮನೆಯ ಮೂಲೆಯ ಮೇಜಿನ ಮೇಲೆ ಹತ್ತು ವರ್ಷದ ಹಳೆಯ ಯಂತ್ರವನ್ನಿಟ್ಟುಕೊಂಡು, ಊರಿನ ಪತ್ರಿಕೆ ಓದುತ್ತ, ಒಂದೆರಡು ಪುಟ ಬರೆಯುತ್ತ ಇರುವ ಹಿರಿಯರು ಇನ್ನೊಂದು ಬಗೆ. ಈ ಲೇಖನ ಎರಡನೆಯವರಿಗಾಗಿ. ಮೊದಲನೆಯವರು ಓದಿ ಅವರಿಗೆ ನೆರವಾಗಲಿ ಎಂಬುದೂ ನಮ್ಮ ಆಶಯ.

ಹಳೆಯ ಯಂತ್ರದವರ ಮುಂದೆ ಮೂರು ದಾರಿಗಳಿವೆ. ಒಂದು, 2021ರ ಅಕ್ಟೋಬರ್ 5ರಂದು ಬಂದ ವಿಂಡೋಸ್ 11ಕ್ಕೆ ಏರುವುದು. ವಿಂಡೋಸ್ 10 ಇದ್ದವರಿಗೆ ಇದಕ್ಕೆ ಹಣ ಕೊಡಬೇಕಾಗಿಲ್ಲ. ಆದರೆ ಯಂತ್ರದಲ್ಲಿ ಕನಿಷ್ಠ 4 ಜಿ.ಬಿ. ರ‍್ಯಾಮ್, 64 ಜಿ.ಬಿ. ಸಂಗ್ರಹ, ಟಿ.ಪಿ.ಎಂ. 2.0 ಎಂಬ ಭದ್ರತಾ ಸೌಕರ್ಯ, ಕಂಪೆನಿ ಒಪ್ಪಿದ ಪಟ್ಟಿಯಲ್ಲಿರುವ ಪ್ರೊಸೆಸರ್ ಇವೆಲ್ಲ ಇರಬೇಕು. 2017ಕ್ಕಿಂತ ಹಿಂದಿನ ಯಂತ್ರಗಳಲ್ಲಿ ಬಹುಪಾಲು ಈ ಪರೀಕ್ಷೆಯಲ್ಲಿ ತೇರ್ಗಡೆಯಾಗವು. ಎರಡನೆಯದು, ಮನೆಬಳಕೆಯವರಿಗಾಗಿ 2026ರ ಅಕ್ಟೋಬರ್ 13ರವರೆಗೆಂದು ಕಂಪೆನಿ ಪ್ರಕಟಿಸಿದ ಹೆಚ್ಚುವರಿ ಭದ್ರತೆಯ ಏರ್ಪಾಡು. ಇದು ಗಡುವನ್ನು ಮುಂದಕ್ಕೆ ಹಾಕುವುದೇ ಹೊರತು ಪರಿಹಾರವಲ್ಲ. ಮೂರನೆಯದು, ಹಳೆಯ ಯಂತ್ರದಲ್ಲೇ ಲಿನಕ್ಸ್ ಎಂಬ ಉಚಿತ ವ್ಯವಸ್ಥೆಯನ್ನು ಸ್ಥಾಪಿಸುವುದು.

ಯಾವ ದಾರಿ ಹಿಡಿದರೂ ಸರಿಯೇ. ಆದರೆ ಹೊರಡುವ ಮೊದಲು ಕನ್ನಡಿಗರಾದ ನಾವು ಮಾಡಬೇಕಾದ ಒಂದು ಕೆಲಸವಿದೆ. ಅದನ್ನು ಯಾವ ಕಂಪೆನಿಯೂ ನಮಗೆ ನೆನಪಿಸುವುದಿಲ್ಲ.

ಕನ್ನಡ ಲಿಪಿಗೆ ಯೂನಿಕೋಡ್ ಎಂಬ ಜಾಗತಿಕ ಸಂಕೇತ ಕ್ರಮದಲ್ಲಿ 1991ರಲ್ಲಿಯೇ ಸ್ಥಾನ ದೊರೆಯಿತು. ಆದರೆ ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಪಂಕ್ತಿಯಲ್ಲಿ ಎಲೆ ಹಾಕಿದಂತಾಗಲಿಲ್ಲ. ಮನೆಯ ಯಂತ್ರಗಳಲ್ಲಿ ಆ ಕ್ರಮದ ಕನ್ನಡ ನೆಲೆಯೂರಿದ್ದು 2001ರ ವಿಂಡೋಸ್ ಎಕ್ಸ್.ಪಿ. ತುಂಗಾ ಎಂಬ ಅಕ್ಷರಗುಚ್ಛದೊಡನೆ ಬಂದ ಮೇಲೆ. ಅದಕ್ಕೆ ಮುಂಚೆ, ಅದರ ನಂತರವೂ ಬಹುಕಾಲ, ನಮ್ಮ ಕೈಹಿಡಿದು ನಡೆಸಿದವು 1998ರಲ್ಲಿ ಬಂದ ‘ಬರಹ’ ಮತ್ತು ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶಗಳು. ಅವುಗಳ ಉಪಕಾರವನ್ನು ಕನ್ನಡ ನಾಡು ಮರೆಯಲಾರದು.

ಆದರೆ ಆ ಕಾಲದ ಅಕ್ಷರಗಳಲ್ಲಿ ಒಂದು ಗುಟ್ಟಿದೆ. ಯಂತ್ರಕ್ಕೆ ಗೊತ್ತಿದ್ದದ್ದು ರೋಮನ್ ಅಕ್ಷರಗಳ ಸಂಕೇತಗಳು ಮಾತ್ರ. ಆ ಸಂಕೇತಗಳಿಗೆ ಕನ್ನಡದ ವೇಷ ತೊಡಿಸಿ ಪರದೆಯ ಮೇಲೆ ಕುಣಿಸುತ್ತಿದ್ದುದು ಅಕ್ಷರಗುಚ್ಛ, ಎಂದರೆ ಫಾಂಟು. ಆ ಫಾಂಟು ಇಲ್ಲದ ಯಂತ್ರದಲ್ಲಿ ಅದೇ ಕಡತವನ್ನು ತೆರೆದರೆ ವೇಷ ಕಳಚಿಬೀಳುತ್ತದೆ. ನುಡಿಯ ಹಳೆಯ ಫಾಂಟಿನಲ್ಲಿ ‘ನಮಸ್ಕಾರ’ ಎಂದು ಬರೆದದ್ದು ಆಗ ಇಂಗ್ಲೆಂಡಿನ ಪೌಂಡ್ ನಾಣ್ಯದ ಗುರುತಿನಿಂದ ಆರಂಭವಾಗುತ್ತದೆ! ಅದರ ಹಿಂದೆ ತಲೆಯ ಮೇಲೆ ಗೀಟುಳ್ಳ ವಿಚಿತ್ರ ರೋಮನ್ ಅಕ್ಷರಗಳ ಸಾಲು. ಅಜ್ಜ ಬರೆದ ಆತ್ಮಕಥೆ, ಅಮ್ಮ ಸಂಗ್ರಹಿಸಿದ ಹಾಡುಗಳು, ಸಂಘದ ರಾಜ್ಯೋತ್ಸವಕ್ಕೆಂದು ಬರೆದ ನಾಟಕ, ಮಗಳ ಮದುವೆಯ ಕರೆಯೋಲೆ — ಎಲ್ಲವೂ ಇದ್ದೂ ಇಲ್ಲದಂತೆ. ಹೊರನಾಡಿನಲ್ಲಿರುವ ನಮಗೆ ಈ ನಷ್ಟ ಇನ್ನೂ ದೊಡ್ಡದು. ಊರಿನಲ್ಲಿ ಕಳೆದದ್ದನ್ನು ಪಕ್ಕದ ಮನೆಯಲ್ಲಿ ಕೇಳಿ ಪಡೆಯಬಹುದು. ಇಲ್ಲಿ ನಮ್ಮ ಕುಟುಂಬದ ಕನ್ನಡಕ್ಕೆ ಅದೊಂದೇ ಪ್ರತಿ ಇರುತ್ತದೆ.

ವಿಂಡೋಸ್ 10ರಿಂದ ನೇರವಾಗಿ 11ಕ್ಕೆ ಏರಿದರೆ ಸಾಮಾನ್ಯವಾಗಿ ಕಡತಗಳೂ ಫಾಂಟುಗಳೂ ಇದ್ದಲ್ಲೇ ಉಳಿಯುತ್ತವೆ. ಅಪಾಯವಿರುವುದು ಎಲ್ಲವನ್ನೂ ಅಳಿಸಿ ಹೊಸದಾಗಿ ಸ್ಥಾಪಿಸುವಾಗ, ಇಲ್ಲವೇ ಹೊಸ ಯಂತ್ರ ಕೊಳ್ಳುವಾಗ. ಆದಕಾರಣ ಹಳೆಯ ಆಡಳಿತ ಇರುವಾಗಲೇ ಈ ಕೆಳಗಿನಂತೆ ಮಾಡಿಕೊಳ್ಳಬೇಕು.

ಮೊದಲು ಹಳೆಯ ಕನ್ನಡ ಕಡತಗಳನ್ನು ಒಂದೊಂದಾಗಿ ತೆರೆದು ಪಿ.ಡಿ.ಎಫ್. ಪ್ರತಿ ಮಾಡಿಡಿ. ಅದರೊಳಗೆ ಫಾಂಟು ಸೇರಿಕೊಂಡಿರುವುದರಿಂದ ರೂಪವಾದರೂ ಉಳಿಯುತ್ತದೆ. ಬಳಿಕ ಪಠ್ಯವನ್ನು ಪರಿವರ್ತಕ ತಂತ್ರಾಂಶದ ಮೂಲಕ ಯೂನಿಕೋಡಿಗೆ ತನ್ನಿ. ಇಲ್ಲಿ ಕಣ್ಣಿಟ್ಟು ಓದಬೇಕು: ಒತ್ತಕ್ಷರ, ಅರ್ಕಾವೊತ್ತುಗಳು ಸ್ಥಾನ ತಪ್ಪಿರಬಹುದು, ನಡುವೆ ಇಂಗ್ಲಿಷಿನಲ್ಲಿ ಬರೆದ ವಿಳಾಸಗಳು ಅರ್ಥವಿಲ್ಲದ ಕನ್ನಡವಾಗಿ ಮಾರ್ಪಟ್ಟಿರಬಹುದು. ಮೂಲ ಕಡತ, ಪಿ.ಡಿ.ಎಫ್., ಯೂನಿಕೋಡ್ ಪ್ರತಿ ಮೂರನ್ನೂ ಹಳೆಯ ಫಾಂಟುಗಳ ಸಮೇತ ಒಂದು ಹೊರಗಿನ ಹಾರ್ಡ್ ಡಿಸ್ಕಿಗೆ ಹಾಕಿ, ಇನ್ನೊಂದು ಪ್ರತಿಯನ್ನು ಬೇರೆ ಮನೆಯಲ್ಲಿರುವ ಮಗನ ಬಳಿಯಲ್ಲೋ ಮಗಳ ಬಳಿಯಲ್ಲೋ ಇರಿಸಿ. ಒಂದೇ ಬುಟ್ಟಿಯಲ್ಲಿ ಎಲ್ಲ ತೆಂಗಿನಕಾಯಿ ಬೇಡ. ಪ್ರತಿ ಮಾಡಿದ್ದು ಸರಿಯಾಗಿ ತೆರೆಯುತ್ತದೆಯೇ ಎಂದು ಬೇರೊಂದು ಯಂತ್ರದಲ್ಲಿ ನೋಡುವವರೆಗೂ ಕೆಲಸ ಮುಗಿಯಿತೆಂದು ತಿಳಿಯಬಾರದು.

ಇನ್ನು ಲಿನಕ್ಸಿನ ಮಾತು. ಅದು ಪಂಡಿತರಿಗೆ ಮಾತ್ರ ಎಂಬ ಅಂಜಿಕೆ ಅನೇಕರಲ್ಲಿದೆ. ಹಾಗೆನ್ನುವವರು ಒಮ್ಮೆ ನಾವಿರುವ ಈ ಕೇರಳದ ಶಾಲೆಗಳನ್ನು ನೋಡಬೇಕು. 2001ರಲ್ಲಿ ಐ.ಟಿ. ಅಟ್ ಸ್ಕೂಲ್ ಎಂಬ ಹೆಸರಿನಲ್ಲಿ ಆರಂಭವಾಗಿ, 2017ರಿಂದ ಕೈಟ್ ಎಂಬ ಸರ್ಕಾರಿ ಸಂಸ್ಥೆಯಾಗಿ ತಿರುವನಂತಪುರದಿಂದ ನಡೆಯುತ್ತಿರುವ ಯೋಜನೆಯು ಶಾಲೆಗಳಿಗೆ ಸ್ವತಂತ್ರ ತಂತ್ರಾಂಶವನ್ನೇ ಒದಗಿಸುತ್ತ ಬಂದಿದೆ. ಉಬುಂಟುವಿನ 22.04 ಆವೃತ್ತಿಯನ್ನು ಆಧರಿಸಿದ ಕೈಟ್ ಗ್ನೂ/ಲಿನಕ್ಸ್ 22.04 ಅದೇ ಪರಂಪರೆಯದು. ದಕ್ಷಿಣದ ಪಾರಶ್ಶಾಲೆಯಿಂದ ಉತ್ತರದ ಮಂಜೇಶ್ವರದವರೆಗೆ ಒಂದೇ ವ್ಯವಸ್ಥೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಇದರ ಪಠ್ಯಪುಸ್ತಕ ಕನ್ನಡದಲ್ಲೇ ಇದೆ. 2018ರಲ್ಲಿ ಹುಟ್ಟಿದ ಲಿಟಲ್ ಕೈಟ್ಸ್ ಎಂಬ ವಿದ್ಯಾರ್ಥಿ ಕೂಟಗಳ ಮಕ್ಕಳಂತೂ ಈ ವಿದ್ಯೆಯಲ್ಲಿ ಎಷ್ಟೋ ಹಿರಿಯರಿಗಿಂತ ಮುಂದಿದ್ದಾರೆ. ಹದಿಮೂರು ವರ್ಷದ ಹುಡುಗಿ ಕಲಿತದ್ದನ್ನು ಅವಳ ಅಜ್ಜ ಕಲಿಯಲಾರನೆ?

ಈ ಆವೃತ್ತಿಗಳ ಸಂಖ್ಯೆಯೂ ಸರಳ: 22.04 ಎಂದರೆ 2022ರ ನಾಲ್ಕನೆಯ ತಿಂಗಳು. ಎರಡು ವರ್ಷಕ್ಕೊಮ್ಮೆ ಏಪ್ರಿಲ್ ತಿಂಗಳಲ್ಲಿ ಉಬುಂಟುವಿನ ದೀರ್ಘ ಬೆಂಬಲದ ಆವೃತ್ತಿ ಬರುತ್ತದೆ. ಅದಕ್ಕೆ ಐದು ವರ್ಷ ರಕ್ಷಣೆ. ಹೊಸದಾಗಿ ಸ್ಥಾಪಿಸುವವರು ಹೆಚ್ಚು ವರ್ಷ ಬಾಳಿಕೆ ಉಳಿದಿರುವುದನ್ನೇ ಆರಿಸುವುದು ಲೇಸು.

ವೈಟ್ಟಿಲದ ಮೇಲ್ಸೇತುವೆ ಕಟ್ಟುವಾಗ ಕೆಳಗೆ ವಾಹನ ಸಂಚಾರ ನಿಲ್ಲಲಿಲ್ಲವೆಂಬುದು ನಮಗೆಲ್ಲ ನೆನಪಿದೆ. 2021ರ ಜನವರಿ 9ರಂದು ಮೇಲಿನ ದಾರಿ ತೆರೆಯುವವರೆಗೂ, ನಿಧಾನವಾಗಿಯಾದರೂ ಕೆಳಗಿನ ದಾರಿಯಲ್ಲೇ ಓಡಾಡಿದೆವು. ಲಿನಕ್ಸಿನಲ್ಲಿಯೂ ಇಂಥ ಅನುಕೂಲವುಂಟು. ಉಬುಂಟುವನ್ನು ಒಂದು ಪೆನ್‌ಡ್ರೈವಿಗೆ ಹಾಕಿ, ಅದರಿಂದಲೇ ಯಂತ್ರವನ್ನು ಚಾಲೂ ಮಾಡಿ, ಒಳಗಿನ ಡಿಸ್ಕನ್ನು ಮುಟ್ಟದೆ ಪರೀಕ್ಷಿಸಬಹುದು. ಧ್ವನಿ ಬರುತ್ತದೆಯೆ, ಪ್ರಿಂಟರು ಕೇಳುತ್ತದೆಯೆ, ವೈಫೈ ಹಿಡಿಯುತ್ತದೆಯೆ ಎಂದು ನೋಡಿ, ಒಪ್ಪಿಗೆಯಾದರೆ ಮಾತ್ರ ಸ್ಥಾಪಿಸಿರಿ. ಹೆಣ್ಣು ನೋಡುವ ಶಾಸ್ತ್ರ ಮುಗಿಯದೆ ಲಗ್ನಪತ್ರಿಕೆ ಬರೆಸುವವರುಂಟೆ?

ಸ್ಥಾಪಿಸುವಾಗ ‘ಡಿಸ್ಕನ್ನು ಪೂರ್ತಿ ಅಳಿಸು’ ಎಂಬ ಆಯ್ಕೆ ಕಂಡರೆ ಎರಡು ಬಾರಿ ಯೋಚಿಸಿರಿ. ಹಳೆಯದನ್ನು ಪಕ್ಕದಲ್ಲೇ ಉಳಿಸಿಕೊಳ್ಳುವ ಆಯ್ಕೆಯೂ ಇರುತ್ತದೆ. ನಡುವೆ ವಿದ್ಯುತ್ ಹೋಗಬಾರದು. ತುಲಾವರ್ಷದ ಸಂಜೆಗಳ ಗುಡುಗು ಮಿಂಚು ಕೊಚ್ಚಿಯವರಿಗೆ ಹೇಳಿಕೊಡಬೇಕಾಗಿಲ್ಲ. ಈ ಕೆಲಸವನ್ನು ಬೆಳಗಿನ ಹೊತ್ತಿನಲ್ಲಿ, ಯು.ಪಿ.ಎಸ್. ಇಟ್ಟುಕೊಂಡು ಮಾಡುವುದು ಜಾಣತನ. ಮುಗಿದ ಮೇಲೆ ಕೀಲಿಮಣೆಯ ಪಟ್ಟಿಯಲ್ಲಿ ಕನ್ನಡವನ್ನು ಸೇರಿಸಿಕೊಳ್ಳಿರಿ. ಅಲ್ಲಿ ‘ಕಗಪ’ ಎಂಬ ಹೆಸರು ಕಂಡರೆ ಅಚ್ಚರಿಪಡಬೇಡಿ. ಅದು ನಮ್ಮ ಕನ್ನಡ ಗಣಕ ಪರಿಷತ್ತಿನದೇ. ಶ್ರೀ ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸದಿಂದ ಬೆಳೆದ ಕ್ರಮವದು. ನುಡಿಯಲ್ಲಿ ಪಳಗಿದ ಬೆರಳುಗಳು ಅಲ್ಲಿ ಹೆಚ್ಚು ತಡಕಾಡಬೇಕಾಗಿಲ್ಲ.

ಕೊನೆಗೊಂದು ಸೂಚನೆ. ಮನೆಮನೆಯಲ್ಲಿ ಒಬ್ಬೊಬ್ಬರೇ ಹೆಣಗುವ ಬದಲು, ಸಂಘದ ಸದಸ್ಯರು ಒಂದು ಭಾನುವಾರ ತಮ್ಮ ಯಂತ್ರಗಳೊಡನೆ ಒಂದೆಡೆ ಸೇರಬಾರದೇಕೆ? ಇನ್ಫೋಪಾರ್ಕಿನ ತರುಣರು ಸ್ಥಾಪನೆ ನೋಡಿಕೊಳ್ಳಲಿ, ಶಾಲೆಯ ಮಕ್ಕಳು ಬಳಕೆ ಹೇಳಿಕೊಡಲಿ. ಹಳೆಯ ಕಡತಗಳನ್ನು ಪರಿವರ್ತಿಸಿದ ಮೇಲೆ ಅಕ್ಷರ ತಿದ್ದುವ ಕೆಲಸ ಮಾತ್ರ ಹಿರಿಯರದೇ. ಏಕೆಂದರೆ ಇಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಯಂತ್ರದ ಪರಿಚಯ ಎಷ್ಟೇ ಇದ್ದರೂ, ಯಾವ ಒತ್ತು ಎಲ್ಲಿರಬೇಕೆಂಬುದನ್ನು ಬಲ್ಲವರು ಅಜ್ಜ ಅಜ್ಜಿಯರು. ತಿದ್ದುತ್ತ ತಿದ್ದುತ್ತ ಮಕ್ಕಳು ಆ ಪುಟಗಳನ್ನು ಓದಿಯೂ ಬಿಡುತ್ತಾರೆ. ಆಪರೇಟಿಂಗ್ ಸಿಸ್ಟಮ್ ಹತ್ತು ವರ್ಷಕ್ಕೊಮ್ಮೆ ಬದಲಾದೀತು, ಬದಲಾಗಲಿ. ಮನೆಯ ಕನ್ನಡ ಮಾತ್ರ ಪ್ರತಿ ಬಾರಿಯೂ ನಮ್ಮೊಡನೆ ಹೊಸ ಮನೆಗೆ ಬರುವಂತೆ ನೋಡಿಕೊಳ್ಳೋಣ.